ಸುಮ್ಮನೆ ಮುಚ್ಚಿದ ರಸ್ತೆ

ಅಪಾಯ ಖಚಿತವಾಗುವ ಮೊದಲೇ ರಸ್ತೆ ಮುಚ್ಚಬೇಕೆ? ಮಲಗಿದವರನ್ನು ಎಬ್ಬಿಸಿ ಕಳಿಸಬೇಕೆ? ಹಾಗೆ ಮಾಡಿದ ಮೇಲೆ ಏನೂ ಆಗದೆ ಹೋದರೆ ತಪ್ಪು ಯಾರದು? ಮುಚ್ಚಲೇಬೇಕು, ಏನೂ ಆಗದಿದ್ದರೆ ಅದು ಯಾರ ತಪ್ಪೂ ಅಲ್ಲ ಎಂಬುದು ನನ್ನ ದೃಢವಾದ ನಿಲುವು.

ಅಮೆರಿಕದ ಪಶ್ಚಿಮ ಕರಾವಳಿಯ ಬೆಟ್ಟಗಳಲ್ಲಿ ಚಳಿಗಾಲವಿಡೀ ಬಿದ್ದ ಹಿಮದ ಮೇಲೆ ಮಳೆ ಸುರಿದರೆ, ನೀರು ಪದರಗಳ ನಡುವೆ ಇಳಿದು ಅವುಗಳ ಹಿಡಿತ ಸಡಿಲಿಸುತ್ತದೆ. 1910ರಲ್ಲಿ ವಾಷಿಂಗ್ಟನ್ ರಾಜ್ಯದ ವೆಲಿಂಗ್ಟನ್ ನಿಲ್ದಾಣದಲ್ಲಿ ಹಿಮದಿಂದಾಗಿ ಎರಡು ರೈಲುಗಳು ದಿನಗಟ್ಟಲೆ ನಿಂತಿದ್ದವು. ಅವನ್ನು ಸುರಂಗದೊಳಗೆ ನಿಲ್ಲಿಸಿ ಎಂದು ಕೆಲವು ಪ್ರಯಾಣಿಕರು ಕೇಳಿಕೊಂಡರೂ ಹಾಗಾಗಲಿಲ್ಲ. ಹಿಮ ನಿಂತು ಮಳೆ ಹಿಡಿಯಿತು. ಮಾರ್ಚ್ 1ರ ನಸುಕಿನಲ್ಲಿ ಗುಡ್ಡದ ಹಿಮ ಜಾರಿ 96 ಮಂದಿ ಸತ್ತರು.

ನಮ್ಮ ಸಹ್ಯಾದ್ರಿಯಲ್ಲಿ ಹಿಮವಿಲ್ಲ, ಮಣ್ಣಿದೆ. ನೀರು ಮಾಡುವ ಕೆಲಸ ಮಾತ್ರ ಅದೇ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು, ಹೆದ್ದಾರಿ 66ಕ್ಕಾಗಿ ಕಡಿದಿದ್ದ ಗುಡ್ಡ ಭಾರಿ ಮಳೆಗೆ ಕುಸಿದು, ರಸ್ತೆಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು.

ಟೆಕ್ಸಸ್‌ನಲ್ಲಿ ಗುಡ್ಡ ಕುಸಿಯುವುದು ಅಪರೂಪ, ಹೊಳೆ ಏರುವುದೇ ಅಪಾಯ. ಆಸ್ಟಿನ್‌ನ ಪಶ್ಚಿಮಕ್ಕಿರುವ ಸುಣ್ಣಕಲ್ಲಿನ ಗುಡ್ಡಗಾಡಿನಲ್ಲಿ ಮಣ್ಣು ತೆಳು. ಬಿದ್ದ ಮಳೆ ಇಂಗದೆ ನೇರ ಹಳ್ಳಕ್ಕೆ ಹರಿಯುತ್ತದೆ. 2025ರ ಜುಲೈ 4ರ ನಸುಕಿನಲ್ಲಿ ಅಲ್ಲಿನ ಗ್ವಾಡಲೂಪೆ ನದಿ ಮುಕ್ಕಾಲು ಗಂಟೆಯಲ್ಲಿ 26 ಅಡಿ ಏರಿತು. ಹವಾಮಾನ ಇಲಾಖೆ ಹಿಂದಿನ ಮಧ್ಯಾಹ್ನವೇ ಪ್ರವಾಹದ ಮುನ್ಸೂಚನೆ ಕೊಟ್ಟಿತ್ತು, ರಾತ್ರಿ 1.14ಕ್ಕೆ ಎಚ್ಚರಿಕೆಯನ್ನೂ ಹೊರಡಿಸಿತು. ಆದರೂ ರಾಜ್ಯದಲ್ಲಿ 130ಕ್ಕೂ ಹೆಚ್ಚು ಜನ ಸತ್ತರು. ನದಿದಂಡೆಯ ಬೇಸಿಗೆ ಶಿಬಿರವೊಂದರ ಮಕ್ಕಳೂ ಅವರಲ್ಲಿದ್ದರು. ಎಚ್ಚರಿಕೆ ಹೊರಡುವುದು ಬೇರೆ, ಮಲಗಿದವರು ಎದ್ದು ಎತ್ತರಕ್ಕೆ ಹೋಗುವುದು ಬೇರೆ. ನಡುವಿನ ಆ ಅಂತರದಲ್ಲೇ ಜೀವಗಳು ಹೋಗುತ್ತವೆ.

ಮೇಲಿಂದ ಮೇಲೆ ಸುಳ್ಳಾದ ಎಚ್ಚರಿಕೆಯನ್ನು ಜನ ನಂಬುವುದಿಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ರಸ್ತೆ ಮುಚ್ಚಿದರೆ ಲಾರಿ ಚಾಲಕನ ಬಾಡಿಗೆಯೂ ಚಹಾ ಅಂಗಡಿಯ ವ್ಯಾಪಾರವೂ ಹೋಗುವುದೂ ನಿಜ. ಹಾಗೆಂದು ಎಚ್ಚರಿಕೆಯನ್ನೇ ಕಡಿಮೆ ಮಾಡುವುದು ಪರಿಹಾರವಲ್ಲ. ಎಲ್ಲರ ಸುರಕ್ಷತೆಗಾಗಿ ಒಬ್ಬನ ದಿನದ ದುಡಿಮೆ ಹೋದರೆ ಅದನ್ನು ಸರ್ಕಾರ ತುಂಬಿಕೊಡಲಿ. ಎಷ್ಟು ಮಳೆ ಬಿತ್ತು, ನೀರು ಎಲ್ಲಿಯವರೆಗೆ ಬಂತು ಎಂಬ ಲೆಕ್ಕವನ್ನು ಮರುದಿನ ಜನರ ಮುಂದಿಡಲಿ. ಕಾರಣ ತಿಳಿದವರು ಮುಂದಿನ ಸಲವೂ ಎದ್ದು ಹೊರಡುತ್ತಾರೆ. ಅನಾಹುತವಾಗದ ದಿನ ರಸ್ತೆ ಮುಚ್ಚಿದ ಅಧಿಕಾರಿಯನ್ನು ಬಯ್ಯುವ ಸಮಾಜ, ಅನಾಹುತದ ದಿನ ಅವರು ಹಿಂಜರಿಯುವಂತೆ ತಾನೇ ಮಾಡಿರುತ್ತದೆ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಗುಡ್ಡಗಾಡಿನ ರಸ್ತೆಗಳು ಎಷ್ಟೋ ಕಡೆ ಸೇತುವೆಯಿಲ್ಲದೆ ಹಳ್ಳವನ್ನು ಅದರ ಪಾತ್ರದಲ್ಲೇ ದಾಟುತ್ತವೆ. ಪಕ್ಕದಲ್ಲಿ ಅಡಿಗಳ ಗುರುತಿರುವ ಅಳತೆ ಕಂಬವಿರುತ್ತದೆ. ಒಣಗಿದ ದಿನಗಳಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮಳೆ ಬಂದಾಗ ಕೆಂಪು ನೀರಿನಡಿ ಡಾಂಬರು ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾರಿನಲ್ಲಿ ಕುಳಿತವರಿಗೆ ತಿಳಿಯದು. ರಭಸದ ನೀರು ಆರು ಇಂಚಿದ್ದರೆ ಆಳು ಬೀಳುತ್ತಾನೆ, ಒಂದು ಅಡಿ ಇದ್ದರೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿ ಬಂದರೆ ಬಹುತೇಕ ವಾಹನಗಳು ಕೊಚ್ಚಿಹೋಗುತ್ತವೆ. ನಮ್ಮ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಗಳ ಆಮಂತ್ರಣದ ಜೊತೆಗೆ ಇಷ್ಟನ್ನೂ ಕನ್ನಡದಲ್ಲಿ ಮನೆಮನೆಗೆ ತಲುಪಿಸಲಿ. ರಸ್ತೆಯ ಮೇಲೆ ನೀರು ಕಂಡರೆ ಗಾಡಿ ತಿರುಗಿಸಿ. ತಡೆಗೇಟು ಹಾಕಿದ್ದರೆ ಅದನ್ನು ಬಳಸಿ ಹೋಗಬೇಡಿ.