ಬ್ರಹ್ಮಗಿರಿಯ ಬಂಡೆ, ಚಳ್ಳಕೆರೆಯ ಗೋಡೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಹೊತ್ತ ಬಂಡೆಯೊಂದುಂಟು. ೧೮೯೨ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದರು. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಸಾರುವ ಶಾಸನ ಇದಲ್ಲ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬುದು ಇಲ್ಲಿಯ ಒಕ್ಕಣೆ. ಆದರೂ ಯುದ್ಧವನ್ನು ತೊರೆದ ಅರಸನ ಮಾತೆಂದೇ ಅದಕ್ಕೆ ಗೌರವ.

ಅಲ್ಲಿಂದ ದಕ್ಷಿಣಕ್ಕೆ ಚಳ್ಳಕೆರೆಯ ಅಮೃತಮಹಲ್ ಕಾವಲುಗಳು. ಈ ಹುಲ್ಲುಗಾವಲುಗಳ ಚರಿತ್ರೆಯೇ ಯುದ್ಧದೊಡನೆ ಬೆಸೆದದ್ದು. ಹೈದರನ, ಟಿಪ್ಪುವಿನ ಫಿರಂಗಿಗಳನ್ನೆಳೆದ ಎತ್ತುಗಳ ತಳಿಗೆ ಮೀಸಲಾಗಿದ್ದ ನೆಲವಿದು. ದಂಡುಗಳು ಹೋದವು, ಹುಲ್ಲು ಉಳಿಯಿತು. ಸುತ್ತಣ ಹಳ್ಳಿಗಳ ಕುರಿಮಂದೆಗಳು ಅದನ್ನು ಮೇಯ್ದವು; ಚಳ್ಳಕೆರೆಯ ಕಂಬಳಿ ಹೆಸರಾಯಿತು.

೨೦೦೯ರಿಂದೀಚೆಗೆ ಸರ್ಕಾರವು ಇಲ್ಲಿನ ಸುಮಾರು ೧೦,೦೦೦ ಎಕರೆಯನ್ನು ಹಲವು ಸಂಸ್ಥೆಗಳಿಗೆ ಹಂಚಿತು. ೪,೦೦೦ ಎಕರೆಗೂ ಮಿಕ್ಕಿ ರಕ್ಷಣಾ ಸಂಶೋಧನೆಯ ಪಾಲಾಯಿತು. ಗೋಡೆ ಎದ್ದಿತು. ಹಳ್ಳಿಗರು ಪ್ರತಿಭಟಿಸಿದರು, ಪರಿಸರಪರರ ನೆರವಿನಿಂದ ಪ್ರಕರಣ ಹಸಿರು ನ್ಯಾಯಮಂಡಳಿಯನ್ನು ಮುಟ್ಟಿತು. ಇವರಾರೂ ಸೈನಿಕನನ್ನು ದ್ವೇಷಿಸಿದವರಲ್ಲ. ಕುರಿಗೆ ಹುಲ್ಲು ಬೇಕು, ನೆಲ ಕೊಡುವ ಮುನ್ನ ತಮ್ಮನ್ನೊಂದು ಮಾತು ಕೇಳಬೇಕಿತ್ತು, ಇಷ್ಟೇ ಅವರ ಅಹವಾಲು. ದೇಶರಕ್ಷಣೆಗೆ ನೆಲ ಬೇಡವೇ ಎಂದು ಪಟ್ಟಣದ ಹಜಾರದಲ್ಲಿ ಕುಳಿತು ಕೇಳುವುದು ಸುಲಭ. ಕೇಳಬೇಕಾದ ಪ್ರಶ್ನೆಯೂ ಹೌದೆನ್ನಿ. ಆದರೆ ಅದರ ಬೆಲೆ ತೆತ್ತವನು ಪಟ್ಟಣಿಗನಲ್ಲ, ಕುರಿಗಾಹಿ.

೨೦೧೪ರಲ್ಲಿ ನ್ಯಾಯಮಂಡಳಿ ಷರತ್ತುಗಳೊಡನೆ ಕಾಮಗಾರಿಗೆ ಸಮ್ಮತಿಸಿತು. ೨೦೧೭ರ ಮೇ ತಿಂಗಳಲ್ಲಿ ಚಾಲಕನಿಲ್ಲದ ವಿಮಾನಗಳ ಪರೀಕ್ಷಾಕೇಂದ್ರ ಉದ್ಘಾಟನೆಗೊಂಡಿತು. ಫಿರಂಗಿಯ ಎತ್ತು ಮೇಯ್ದ ನೆಲದ ಮೇಲೆ ಆಳಿಲ್ಲದ ವಿಮಾನಗಳ ಹಾರಾಟ.