ತಗ್ಗಬೇಕಾದ್ದು ಯಾರ ದನಿ?

ಹರಪನಹಳ್ಳಿ ಸೀಮೆಯ ಹಲವಾಗಲಿನಲ್ಲಾಗಲಿ, ಬೇರಾವ ಊರಿನಲ್ಲಾಗಲಿ, ಮದುವೆ ಚಪ್ಪರದಲ್ಲಿ ಶರೀಫರ ತತ್ವಪದ ಮುಗಿದು ಹೊಸ ಸಿನಿಮಾ ಹಾಡು ಬಂದರೆ ಕಿವಿ ಮುಚ್ಚಿಕೊಳ್ಳುತ್ತೇವೆ, ಮೈಕಿನವನನ್ನು ಬೈಯುತ್ತೇವೆ. ಪಾಪ, ತಪ್ಪು ಅವನದಲ್ಲ. 1990ರ ದಶಕದಿಂದ ಸಂಗೀತ ಕಂಪನಿಗಳು ಪೈಪೋಟಿಗೆ ಬಿದ್ದು, ಹಾಡಿನ ಏರಿಳಿತವನ್ನೇ ಅದುಮಿ ಅಬ್ಬರ ಹೆಚ್ಚಿಸಿದವು. ಈಗ ನಾವು ಎಲ್ಲವನ್ನೂ ಸಮ ಮಾಡುವ ನೆಪದಲ್ಲಿ ಹಳೆಯ ಕ್ಯಾಸೆಟ್ಟಿನ ತತ್ವಪದ, ಮೊಹರಂನ ರಿವಾಯತ್ ಪದಗಳನ್ನೂ ಅದೇ ಗಾಣಕ್ಕೆ ಹಾಕುತ್ತಿದ್ದೇವೆ! ದನಿಯೇನೋ ಏರುತ್ತದೆ, ಹಾಡುಗಾರನ ಪಿಸುಮಾತಿಗೂ ಕೂಗಿಗೂ ಇದ್ದ ಅಂತರ ಅಳಿಸಿಹೋಗುತ್ತದೆ.

ಬೇರೆ ದಾರಿ ಇಲ್ಲವೇ? 2001ರಲ್ಲೇ ಬಂದ ರಿಪ್ಲೇಗೇನ್ ಹಾಡನ್ನು ಮುಟ್ಟುವುದಿಲ್ಲ. ಎಷ್ಟು ಡೆಸಿಬೆಲ್ ಏರಿಸಬೇಕು, ಎಷ್ಟು ತಗ್ಗಿಸಬೇಕು ಎಂಬ ಚೀಟಿಯನ್ನಷ್ಟೇ ಅದಕ್ಕೆ ಅಂಟಿಸುತ್ತದೆ. ನುಡಿಸುವ ತಂತ್ರಾಂಶ ಅದನ್ನೋದಿ ಅಬ್ಬರದ ಹಾಡನ್ನು ಇಳಿಸುತ್ತದೆ. ಬೇಡವಾದರೆ ಚೀಟಿ ಕಿತ್ತರಾಯಿತು, ಹಾಡು ಇದ್ದಂತೆಯೇ ಇರುತ್ತದೆ.