ಪಥ್ಯದ ಗೆಳೆಯರಲ್ಲಿ ಸುಳ್ಳು ಬೇಡ

ಕಳೆದ ಮಳೆಗಾಲದ ಒಂದು ಬೆಳಗ್ಗೆ ರಾಯಬಾಗ ಕಡೆಯ ಹಳ್ಳಿಯಿಂದ ನಿವೃತ್ತ ಮಾಸ್ತರರೊಬ್ಬರನ್ನು ಅವರ ಹೆಂಡತಿ ಮತ್ತು ಮಗ ನನ್ನ ದವಾಖಾನೆಗೆ ಕರೆತಂದರು. ನಸುಕಿನಲ್ಲಿ ಅವರಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತ್ತು. ಮನೆಯ ಗ್ಲುಕೋಮೀಟರಿನಲ್ಲಿ ಸಕ್ಕರೆಯ ಅಂಶ 48ಕ್ಕೆ ಇಳಿದಿತ್ತು.

"ಸಕ್ಕರಿ ನೀರ ಕುಡೀರಿ ಅಂತ ಕೈಯಾಗ ಕೊಟ್ಟೇನ್ರಿ ಸಾಹೇಬ್ರ. ಒಲ್ಲೆ ಅಂದ್ರು. ಇಪ್ಪತ್ತ ದಿನಾ ಸಕ್ಕರಿ ಮುಟ್ಟಿಲ್ಲ, ಈಗ ಕುಡದ್ರ ಗೆಳ್ಯಾರ ಮುಂದ ಏನ ಹೇಳ್ಲಿ ಅಂದ್ರು. ಕಡೀಕ ಬೈದು ಕುಡಿಸೇನ್ರಿ" ಎಂದು ಆ ತಾಯಿ ಕಣ್ಣೀರು ಹಾಕಿದರು.

ವಿಚಾರಿಸಿದಾಗ ವಿಷಯ ತಿಳಿಯಿತು. ಮಾಸ್ತರರು ಬೆಳಗ್ಗೆ ತಮ್ಮ ಜೊತೆ ತಿರುಗಾಡಲು ಬರುವ ಏಳೆಂಟು ಗೆಳೆಯರೊಡನೆ ಸೇರಿ ರೊಟ್ಟಿ, ಅನ್ನ, ಸಿಹಿ ಕಡಿಮೆ ಮಾಡುವ ಪಥ್ಯ ಹಿಡಿದಿದ್ದರು. ನಾಲ್ಕು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೆ ಇಳಿದಿದ್ದರು. ಆದರೆ ದಿನಕ್ಕೆ ಎರಡು ಸಲ ನುಂಗುವ ಗ್ಲಿಮೆಪಿರೈಡ್ ಮಾತ್ರೆಯನ್ನು ಹಾಗೆಯೇ ಮುಂದುವರಿಸಿದ್ದರು. ಊಟ ಇಳಿಯಿತು, ಮಾತ್ರೆ ಇಳಿಯಲಿಲ್ಲ. ಮಾತ್ರೆಯ ಪ್ರಮಾಣ ಬದಲಿಸಿ, ಎಚ್ಚರಿಕೆ ಹೇಳಿ ಕಳಿಸಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಮರುದಿನ ಗೆಳೆಯರು ಕೇಳಿದಾಗ ಮಾಸ್ತರರು "ಎಲ್ಲಾ ಆರಾಮ ಐತಿ" ಎಂದರು. ಎರಡು ವಾರಗಳ ನಂತರ ಅದೇ ಗುಂಪಿನ, ಅದೇ ಮಾತ್ರೆ ನುಂಗುವ ಇನ್ನೊಬ್ಬರು ಮೋಟಾರ್ ಸೈಕಲ್ ಮೇಲೆ ಚಿಕ್ಕೋಡಿಗೆ ಬರುವಾಗ ತಲೆ ಸುತ್ತಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಅವರಿಗೂ ಸಕ್ಕರೆ ಇಳಿದಿತ್ತು. ಮಾಸ್ತರರು ಆ ದಿನ ನಡೆದದ್ದನ್ನು ನಡೆದಂತೆ ಹೇಳಿದ್ದರೆ ಈ ಕೈ ಉಳಿಯುತ್ತಿತ್ತು.

ಇಂಥ ಸಣ್ಣ ಗುಂಪುಗಳು ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನನ್ನ ರೋಗಿಗಳ ನಡುವೆ ಅಲ್ಲಲ್ಲಿ ಕಾಣುತ್ತಿವೆ. ಗಡಿಯಾಚೆಗೆ ಮಹಾರಾಷ್ಟ್ರದಲ್ಲಿ ಡಾ. ಜಗನ್ನಾಥ ದೀಕ್ಷಿತರು ದಿವಂಗತ ಡಾ. ಶ್ರೀಕಾಂತ ಜಿಚಕಾರರ ವಿಚಾರವನ್ನು ಆಧರಿಸಿ ಹೇಳುವ, ದಿನಕ್ಕೆ ಎರಡೇ ಊಟ, ಒಂದೊಂದು ಊಟ 55 ನಿಮಿಷದೊಳಗೆ ಎಂಬ ಪದ್ಧತಿಯ ಮಾತು ಇಲ್ಲಿಗೂ ಬಂದಿದೆ. ಕೆಲವರು ಅದನ್ನು ಹಿಡಿದಿದ್ದಾರೆ, ಕೆಲವರು ರೊಟ್ಟಿ-ಅನ್ನ ಕಡಿಮೆ ಮಾಡಿದ್ದಾರೆ, ಕೆಲವರು ಎರಡನ್ನೂ ಬೆರೆಸಿದ್ದಾರೆ. ಇವರನ್ನು ನಗೆಯಾಡುವ ವೈದ್ಯರೂ ಇದ್ದಾರೆ. ನಾನು ಅವರ ಸಾಲಿಗೆ ಸೇರಿದವನಲ್ಲ. ಈ ಗುಂಪುಗಳು ಬೇಕು. ಆದರೆ ಅವು ಸತ್ಯ ಹೇಳುವ ಗುಂಪುಗಳಾಗಬೇಕು.

ಪಥ್ಯ ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, 2023ರಲ್ಲಿ ಪ್ರಕಟವಾದ ಅಂಕಿಗಳಂತೆ, ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇದೇ ಸಮೀಕ್ಷೆಯ 2025ರ ವರದಿಯಂತೆ ನಮಗೆ ಆಹಾರದಿಂದ ಸಿಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಭಾಗ ಬರುವುದು ಕಾರ್ಬೋಹೈಡ್ರೇಟಿನಿಂದ, ಅಂದರೆ ಅನ್ನ, ಹಿಟ್ಟು, ಸಕ್ಕರೆಯಿಂದ.

ನಮ್ಮದು ಕೃಷ್ಣಾ, ದೂಧಗಂಗಾ ನದಿಗಳ ಕಬ್ಬಿನ ನಾಡು. ಚಹಾ ಕೊಡದೆ ಬಂದವರನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ದಿನಕ್ಕೆ ಆರು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚೆ ಸಕ್ಕರೆ ಎಂದರೆ 60 ಗ್ರಾಂ ಸಕ್ಕರೆ ಚಹಾದಲ್ಲಿಯೇ ಹೊಟ್ಟೆಗೆ ಹೋಗುತ್ತದೆ. ಬೆಲ್ಲದ ಚಹಾ ಕುಡಿದರೆ ನಡೆಯುತ್ತದೆ ಎಂಬುದು ತಪ್ಪು. ರಕ್ತದ ಸಕ್ಕರೆಯ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಎಂಬುದೂ ತಪ್ಪು. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟೆಂದು ಹಿಡಿದರೂ ನಾಲ್ಕು ರೊಟ್ಟಿಗೆ 140 ಗ್ರಾಂ ಆಯಿತು. ಅಕ್ಕಿ ಬಿಟ್ಟು ಸಿರಿಧಾನ್ಯಕ್ಕೆ ಬದಲಾದರೆ ಸಾಲದು, ಒಟ್ಟು ಪ್ರಮಾಣವೇ ಇಳಿಯಬೇಕು ಎಂದು 2025ರ ವರದಿಯೂ ಹೇಳುತ್ತದೆ.

ಹಾಗೆಂದು ರೊಟ್ಟಿಯನ್ನು ಪೂರ್ತಿ ಬಿಡಬೇಕಾಗಿಲ್ಲ. 2022ರಲ್ಲಿ ಇದೇ ಸಮೀಕ್ಷೆಯ ತಜ್ಞರು, ಹೊಸದಾಗಿ ಕಾಯಿಲೆ ಬಂದವರು ಅದನ್ನು ಹಿಮ್ಮೆಟ್ಟಿಸಲು ಕಾರ್ಬೋಹೈಡ್ರೇಟಿನ ಪಾಲನ್ನು ನೂರಕ್ಕೆ 49ರಿಂದ 54ಕ್ಕೆ ಇಳಿಸಿ, ಪ್ರೋಟೀನನ್ನು 20ರ ಹತ್ತಿರ ತರಬೇಕೆಂದು ಲೆಕ್ಕ ಹಾಕಿದರು. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ರೊಟ್ಟಿಯ ಜಾಗದಲ್ಲಿ ಎರಡು ರೊಟ್ಟಿ, ಜೊತೆಗೆ ತಟ್ಟೆ ತುಂಬ ಮೆಂತ್ಯ, ಪುಂಡಿ ಪಲ್ಯ, ಬದನೆಕಾಯಿ, ಒಂದು ಬಟ್ಟಲು ಮಡಕಿ ಕಾಳು ಅಥವಾ ಝುಣಕ, ಮೊಸರು, ಶೇಂಗಾ ಅಥವಾ ಅಗಸಿ ಚಟ್ನಿ. ತಿನ್ನುವವರಿಗೆ ಮೊಟ್ಟೆ, ಮೀನು. ಚಹಾಕ್ಕೆ ಸಕ್ಕರೆ ಇಲ್ಲ.

ಹೇಳುವುದು ಸುಲಭ, ನಡೆಸುವುದು ಕಷ್ಟ. ಕಾರಹುಣ್ಣಿಮೆ ಬರುತ್ತದೆ, ಚಿಂಚಲಿ ಮಾಯಕ್ಕನ ಜಾತ್ರೆ ಬರುತ್ತದೆ, ಮದುವೆಯ ಸುಗ್ಗಿ ಬರುತ್ತದೆ. ಹೋಳಿಗೆ ಬೇಡವೆಂದರೆ ಬೀಗರು ಮುನಿಯುತ್ತಾರೆ. 23 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಡಿಮೆ ಕಾರ್ಬೋಹೈಡ್ರೇಟ್ ಪಥ್ಯ ಹಿಡಿದವರಲ್ಲಿ ಆರು ತಿಂಗಳ ಹೊತ್ತಿಗೆ ನೂರಕ್ಕೆ 57 ಜನರ ಸಕ್ಕರೆ ಕಾಯಿಲೆಯ ಮಟ್ಟದಿಂದ ಕೆಳಗೆ ಇಳಿದಿತ್ತು. ಬೇರೆ ಪಥ್ಯದವರಲ್ಲಿ ಈ ಸಂಖ್ಯೆ 31. ಆದರೆ ವರ್ಷ ತುಂಬುವ ಹೊತ್ತಿಗೆ ಲಾಭ ಬಹಳ ಕರಗಿತ್ತು. ಮೊದಲ ಆರು ತಿಂಗಳ ಹುರುಪನ್ನು ವರ್ಷಗಟ್ಟಲೆ ಕಾಯ್ದುಕೊಳ್ಳುವುದೇ ಇಲ್ಲಿನ ಕಷ್ಟ. ಜೊತೆಗಾರರು ಬೇಕಾಗುವುದು ಅಲ್ಲಿ.

ಜೊತೆಗಾರರಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಭಾವಿಸಬಾರದು. ಕೇರಳದ ನೆಯ್ಯಾಟ್ಟಿಂಕರ ತಾಲ್ಲೂಕಿನಲ್ಲಿ ಕಾಯಿಲೆಯ ಅಪಾಯವಿದ್ದ 1007 ಜನರನ್ನು ಎರಡು ವರ್ಷ ಗಮನಿಸಿದರು. ಅರ್ಧ ಊರುಗಳಲ್ಲಿ ಅವರಲ್ಲೇ ಮುಂದಾಳುಗಳನ್ನು ಆರಿಸಿ ಗುಂಪು ನಡೆಸಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಗುಂಪಿನವರಲ್ಲಿ ನೂರಕ್ಕೆ 14.9, ಉಳಿದವರಲ್ಲಿ 17.1 ಜನರಿಗೆ ಕಾಯಿಲೆ ಬಂದಿತ್ತು. ಈ ವ್ಯತ್ಯಾಸ ಖಚಿತವೆನ್ನುವಷ್ಟು ದೊಡ್ಡದಲ್ಲ ಎಂದು ಆ ಸಂಶೋಧಕರೇ ಬರೆದರು. ಹಣ್ಣು-ಕಾಯಿಪಲ್ಯ ತಿನ್ನುವುದು ಹೆಚ್ಚಿತ್ತು, ಕುಡಿತ ಕಡಿಮೆಯಾಗಿತ್ತು. ಸಾಧಿಸಿದ್ದನ್ನೂ ಸಾಧಿಸದ್ದನ್ನೂ ಹೀಗೆ ಒಟ್ಟಿಗೆ ಹೇಳುವುದೇ ಪ್ರಾಮಾಣಿಕತೆ.

ಈ ಪಥ್ಯವನ್ನು ಜನಸಾಮಾನ್ಯರಲ್ಲಿ ಮೊದಲು ಹರಡಿದವನೂ ವೈದ್ಯನಲ್ಲ, ಒಬ್ಬ ರೋಗಿ. ಲಂಡನ್ನಿನಲ್ಲಿ ಅಂತ್ಯಕ್ರಿಯೆಯ ಏರ್ಪಾಟು ಮಾಡುವ ವೃತ್ತಿಯ ವಿಲಿಯಂ ಬ್ಯಾಂಟಿಂಗ್, ವೈದ್ಯರೊಬ್ಬರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಟಾಟೆ ಬಿಟ್ಟು ಸುಮಾರು ಒಂದು ವರ್ಷದಲ್ಲಿ 20 ಕಿಲೋದಷ್ಟು ಇಳಿದ. 1863ರಲ್ಲಿ ತನ್ನ ಅನುಭವವನ್ನು ಕಿರುಹೊತ್ತಿಗೆಯಾಗಿ ಅಚ್ಚುಮಾಡಿಸಿ ಪುಕ್ಕಟೆ ಹಂಚಿದ. ತಾನು ಗೆದ್ದದ್ದನ್ನಷ್ಟೇ ಅಲ್ಲ, ಅದಕ್ಕೆ ಮೊದಲು ಮಾಡಿ ಸೋತ ಪ್ರಯತ್ನಗಳನ್ನೂ, ದೋಣಿ ಹುಟ್ಟು ಹಾಕಿ ಹಸಿವು ಹೆಚ್ಚಿಸಿಕೊಂಡದ್ದನ್ನೂ ಬರೆದ.

ನಮ್ಮ ಗುಂಪುಗಳಲ್ಲಿ ನಾನು ಕಂಡ ಸುಳ್ಳುಗಳು ನಾಲ್ಕು. ಹೋಳಿಗೆ ತಿಂದದ್ದನ್ನು ಮುಚ್ಚಿಡುವುದು ಒಂದು. ರಕ್ತ ತಪಾಸಣೆಗೆ ಮೂರು ದಿನ ಮೊದಲು ಬಿಗಿ ಪಥ್ಯ ಮಾಡಿ ಒಳ್ಳೆಯ ಅಂಕಿ ತೋರಿಸುವುದು ಎರಡನೆಯದು. ಎಚ್‌ಬಿಎ1ಸಿ ಎಂಬ ತಪಾಸಣೆ ಎರಡು ಮೂರು ತಿಂಗಳ ಸರಾಸರಿ ಹೇಳುವುದರಿಂದ ಅಲ್ಲಿ ಈ ಆಟ ನಡೆಯುವುದಿಲ್ಲ. ಮಾತ್ರೆ ನುಂಗುತ್ತಲೇ "ಬರೇ ಊಟದಿಂದ ವಾಸಿ ಆತು" ಎನ್ನುವುದು ಮೂರನೆಯದು. ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳ ನಂತರವೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಕಾಯಿಲೆ ಹಿಮ್ಮೆಟ್ಟಿದೆ ಎನ್ನಬೇಕೆಂದು 2021ರಲ್ಲಿ ತಜ್ಞರು ಒಪ್ಪಿದ್ದಾರೆ. ಅದೂ ಹಿಮ್ಮೆಟ್ಟಿದ್ದೇ ಹೊರತು ಬೇರು ಸಹಿತ ಹೋದದ್ದಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು: ತಲೆಸುತ್ತು, ನಡುಕ, ಮಲಬದ್ಧತೆ, ನಿಶ್ಶಕ್ತಿ ಆದದ್ದನ್ನು ಬಚ್ಚಿಡುವುದು.

ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ತೂಕ ಸರಿಯಿರಬೇಕೆಂದು ರಸ್ತೆಗಿಳಿಯುವ ರೈತರು ನಾವು. ಒಂದು ಗಾಡಿಯಲ್ಲಿ ನಾಲ್ಕು ಕಿಲೋ ಹೆಚ್ಚುಕಡಿಮೆಯಾದರೂ ಬಿಡುವುದಿಲ್ಲ. ನಮ್ಮ ದೇಹದ ಕಾಟಾದಲ್ಲಿ ನಾವೇ ಮೋಸ ಮಾಡಿದರೆ ಯಾರ ವಿರುದ್ಧ ಹೋರಾಡುವುದು?

ಆದರೆ ತಪ್ಪು ಸುಳ್ಳು ಹೇಳಿದವರದಷ್ಟೇ ಅಲ್ಲ. ಮನುಷ್ಯ ಸುಳ್ಳು ಹೇಳುವುದು ಸತ್ಯಕ್ಕೆ ಬೈಗುಳ ಸಿಗುವ ಕಡೆ. ತೂಕ ಇಳಿದವರಿಗೆ ಚಪ್ಪಾಳೆ, ಇಳಿಯದವರಿಗೆ ಚೇಷ್ಟೆ ಎಂದಾದರೆ ಯಾರು ಬಾಯಿ ಬಿಡುತ್ತಾರೆ? ನಾವು ವೈದ್ಯರೂ ಇದರಲ್ಲಿ ಪಾಲುದಾರರು. ವೃತ್ತಿ ಆರಂಭಿಸಿದ ವರ್ಷಗಳಲ್ಲಿ ನಾನೂ ರೋಗಿಗಳನ್ನು ಗದರಿಸುತ್ತಿದ್ದೆ. ಗದರಿಸಿದಷ್ಟೂ ಅವರು ನನ್ನೆದುರು ಪಥ್ಯದವರಾದರು, ಅವರ ರಕ್ತದ ವರದಿ ಮಾತ್ರ ಬೇರೆ ಹೇಳಿತು. ಈಗ ನಾನು "ಪಥ್ಯ ಮಾಡಿದಿರಾ" ಎಂದು ಕೇಳುವುದಿಲ್ಲ. "ಈ ವಾರ ಎಲ್ಲಿ ಕಷ್ಟವಾಯಿತು" ಎಂದು ಕೇಳುತ್ತೇನೆ. ಗುಂಪಿನಲ್ಲೂ ಮೊದಲ ಪ್ರಶ್ನೆ ಅದೇ ಆಗಲಿ.

ಮಾದರಿ ದೂರ ಹುಡುಕಬೇಕಿಲ್ಲ. ನಮ್ಮ ಹಳ್ಳಿಗಳ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಯಾರ ಸಾಲ ಎಷ್ಟು, ಯಾರ ಕಂತು ತಪ್ಪಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಕಂತು ತಪ್ಪಿದವಳನ್ನು ಮೊದಲು "ಏನಾತವ್ವ" ಎಂದು ಕೇಳುವ ಸಂಘವೇ ಬಾಳುತ್ತದೆ. ಅದೇ ಸಭೆಯ ಕೊನೆಗೆ ಹತ್ತು ನಿಮಿಷ ಸಕ್ಕರೆಯ ಲೆಕ್ಕಕ್ಕೂ ಇಡಬಹುದು. ಗಂಡನ ಪಥ್ಯಕ್ಕೆಂದು ಬೇರೆ ಅಡುಗೆ ಮಾಡಿ, ಉಳಿದ ರೊಟ್ಟಿ-ಅನ್ನದಲ್ಲಿ ತನ್ನ ಊಟ ಮುಗಿಸುವ, ತನ್ನ ಸಕ್ಕರೆಯನ್ನು ಎಂದೂ ತಪಾಸಿಸದ ತಾಯಂದಿರು ಎಷ್ಟೋ ಇದ್ದಾರೆ. ಅವರಿಗೆ ಗೆಳತಿಯರ ಗುಂಪು ಇನ್ನೂ ಹೆಚ್ಚು ಬೇಕು.

ಗುಂಪಿಗೆ ಒಂದು ಗಡಿಯೂ ಇರಲಿ. ಗೆಳೆಯರು ಊಟದ ಬಗ್ಗೆ ಮಾತಾಡಲಿ, ಮಾತ್ರೆಯ ಬಗ್ಗೆ ತೀರ್ಪು ಕೊಡುವುದು ಬೇಡ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯ ಆರಂಭಿಸುವ ಮೊದಲೇ ವೈದ್ಯರನ್ನು ಕಂಡು ಪ್ರಮಾಣ ಇಳಿಸಿಕೊಳ್ಳಬೇಕು. ತಾವಾಗಿಯೇ ಇನ್ಸುಲಿನ್ ನಿಲ್ಲಿಸಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರಿಗೆ ಬಿಗಿ ಪಥ್ಯದಿಂದ ರಕ್ತ ಆಮ್ಲೀಯವಾಗುವ ಅಪಾಯವಿದೆ. ಆಗ ಮೀಟರಿನಲ್ಲಿ ಸಕ್ಕರೆ ಹೆಚ್ಚು ಕಾಣದೆಯೂ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಿಪಿ ಮಾತ್ರೆಯವರಿಗೂ ತೂಕ ಇಳಿದಂತೆ ಪ್ರಮಾಣ ಬದಲಾಗಬೇಕಾಗಬಹುದು. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡದ ತೊಂದರೆಯವರು, ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವವರು ಗೆಳೆಯರನ್ನು ನೋಡಿ ಈ ಪಥ್ಯ ಹಿಡಿಯಬಾರದು.

ಇನ್ನೊಂದು ಮಾತನ್ನು ಪ್ರತಿ ಗುಂಪೂ ಮೊದಲ ದಿನವೇ ಒಪ್ಪಿಕೊಳ್ಳಲಿ. ಬೆವರು, ನಡುಕ, ಕಣ್ಣು ಮಂಜು ಆಗಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಮೀಟರು ಇಲ್ಲದಿದ್ದರೆ ಕಾಯದೆ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನ ಸಕ್ಕರೆ ಔಷಧ, ಅದರಿಂದ ಯಾವ ಪಥ್ಯವೂ ಕೆಡುವುದಿಲ್ಲ.

ಕೈ ಮುರಿದವರನ್ನು ನೋಡಲು ಮಾಸ್ತರರು ಬಂದಿದ್ದರು. ಪಕ್ಕದಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತು, ಕೊನೆಗೆ ತಮ್ಮ ಆ ಬೆಳಗಿನ ಸಂಗತಿಯನ್ನು ಎಲ್ಲ ಗೆಳೆಯರ ಮುಂದೆ ಹೇಳಿದರು. ಯಾರೂ ಬೈಯಲಿಲ್ಲ. ಇನ್ನಿಬ್ಬರು "ನನಗೂ ಹಂಗ ಆಗಿತ್ತು" ಎಂದರು. ಆ ಗುಂಪು ಇಂದಿಗೂ ನಡೆದಿದೆ, ಮಾಸ್ತರರು ಎರಡು ರೊಟ್ಟಿಗೆ ಬಂದು ನಿಂತಿದ್ದಾರೆ. ಬೆಳಗ್ಗೆ ತಿರುಗಾಡಲು ಹೊರಟಾಗ ಪ್ರತಿಯೊಬ್ಬರ ಕಿಸೆಯಲ್ಲೂ ಒಂದು ಸಣ್ಣ ಸಕ್ಕರೆಯ ಪೊಟ್ಟಣ ಇರುತ್ತದೆ.